ತೊಳೆಯದ ಬೆಳ್ಳಿ

ಮೊನ್ನೆ ಭಾನುವಾರ ಅಮ್ಮನಿಗೆ ನೆಗಡಿಯಾಗಿ ಮೂಗು ಕಟ್ಟಿಕೊಂಡಿತ್ತು. ಆವಿ ಹಿಡಿಸೋಣ ಅಂತ, ಅಗರದ ಕಡೆ ಹೋಗಿದ್ದವಳು ಬೇಲಿಯಿಂದ ಒಂದು ಹಿಡಿ ಲಕ್ಕಿ ಸೊಪ್ಪು ಮುರಿದು ತಂದು ಒಲೆಯ ಮೇಲೆ ಕುದಿಯಲು ಇಟ್ಟೆ. ನೀರು ಮರಳಿ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈಕಾಲು ತಣ್ಣಗಾದವು. ಯಳಂದೂರಿನಲ್ಲಿ ದಿನಾ ಹತ್ತಾರು ಜನರ ಗಾಯ ತೊಳೆಯುವ ನರ್ಸು ನಾನು. ಇವಳೇನು ಸೊಪ್ಪಿನ ವಾಸನೆಗೆ ಹೆದರುತ್ತಾಳಲ್ಲ ಅಂತ ನಗಬೇಡಿ. ಹದಿನೈದು ವರ್ಷದಿಂದ ಹೆದರಿಕೊಂಡೇ ಇದ್ದೇನೆ.

ಆ ವಾಸನೆ ನಮ್ಮ ಕೆಮಿಸ್ಟ್ರಿ ಮೇಡಮ್ಮಿನದು. ಕೊಳ್ಳೇಗಾಲದಲ್ಲಿ ನಾನು ಬಿಎಸ್ಸಿ ಓದುತ್ತಿದ್ದ ಸಣ್ಣದೊಂದು ಕಾಲೇಜಿಗೆ ಅವರು ಗೆಸ್ಟ್ ಲೆಕ್ಚರರ್ ಆಗಿ ಬಂದಿದ್ದರು. ಆ ಕಾಲೇಜು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಅವರ ಊರು ಮಾರ್ಟಳ್ಳಿ. ಮನೆಮಾತು ತಮಿಳು, ಪಾಠ ಕನ್ನಡದಲ್ಲಿ, ಯಾರನ್ನು ಮಾತಾಡಿಸಿದರೂ ಕೊನೆಗೊಂದು ‘ಮಾ’. ಲಕ್ಕಿ ಸೊಪ್ಪಿಗೆ ಅವರು ನೊಚ್ಚಿ ಅನ್ನೋರು. ಸೋಮವಾರ ಬೆಳಿಗ್ಗೆ ಬಸ್ಸಿಳಿಯುವಾಗ ಅವರ ಕೈಯಲ್ಲಿ ಪುಸ್ತಕಕ್ಕಿಂತ ದೊಡ್ಡದಾಗಿ ನೊಚ್ಚಿ ಸೊಪ್ಪಿನ ಚೀಲವೇ ಇರುತ್ತಿತ್ತು.

ಡಾಕ್ಟರೇಟಿಗೆ ಅಂತ ಅವರು ಮಾಡುತ್ತಿದ್ದದ್ದು ಇಷ್ಟು. ಸೊಪ್ಪನ್ನು ಕುದಿಸಿ ಸೋಸಿ, ಆ ಕಷಾಯವನ್ನು ಬೆಳ್ಳಿಯ ಉಪ್ಪು ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಡೋರು. ತಿಳಿ ನೀರು ಹಳದಿಯಾಗಿ, ಆಮೇಲೆ ಚಹಾದ ಬಣ್ಣವಾಗಿ, ಕೊನೆಗೆ ಕಡುಕಂದು ಆಗುತ್ತಿತ್ತು. “ಈಗ ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬೆಳ್ಳಿ ಕಣ ಹುಟ್ಟಿದೆ ಮಾ, ನ್ಯಾನೋ ಕಣ” ಅನ್ನೋರು. ಗಾಜಿನ ತಟ್ಟೆಯಲ್ಲಿ ಕೀವಿನ ಕ್ರಿಮಿ ಬೆಳೆಸಿ ನಡುವೆ ಅದರದೊಂದು ಹನಿ ಬಿಟ್ಟರೆ, ಮಾರನೇ ದಿನ ಹನಿಯ ಸುತ್ತ ಕ್ರಿಮಿಯೇ ಇರುತ್ತಿರಲಿಲ್ಲ. ಅದನ್ನು ನೋಡಿದ ದಿನವೇ ನನ್ನ ತಲೆ ಕೆಟ್ಟಿತು.

ಯಾಕೆಂದರೆ ಮನೆಯಲ್ಲಿ ಅಮ್ಮನ ಕಾಲು ಕೀವು ಕಟ್ಟಿತ್ತು. ಸಕ್ಕರೆ ಕಾಯಿಲೆ. ಹೆಬ್ಬೆರಳ ಪಕ್ಕದ ಒಂದು ಚಿಕ್ಕ ಗಾಯ ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. “ಬೆರಳು ಕಪ್ಪಗಾದರೆ ಆ ಕ್ಷಣವೇ ಬನ್ನಿ, ಆಮೇಲೆ ಕತ್ತರಿಸದೆ ಬೇರೆ ದಾರಿಯಿಲ್ಲ” ಅಂತ ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ಅಮ್ಮನ ಮುಖವನ್ನಲ್ಲ, ಬೆರಳನ್ನು.

ಮೇಡಮ್ಮನ್ನು ಕೇಳದೆ ಇರಲಿಲ್ಲ. “ಬೇಡ ಮಾ. ಇದಿನ್ನೂ ಔಷಧಿ ಆಗಿಲ್ಲ. ಇಲಿ ಮೇಲೆ ಕೂಡ ನೋಡಿಲ್ಲ, ಮನುಷ್ಯರ ಮಾತು ಇನ್ನೂ ದೂರ” ಅಂದಿದ್ದರು. ಕಂದು ನೀರಲ್ಲಿ ಕೆಲಸ ಮುಗಿಯದ ಬೆಳ್ಳಿ ಉಪ್ಪು ಉಳಿದಿರುತ್ತದೆ, ಅದು ಚರ್ಮ ಸುಡುತ್ತದೆ, ಯಂತ್ರದಲ್ಲಿ ಗಿರಗಿರ ತಿರುಗಿಸಿ ಮೂರು ಸಲ ತೊಳೆದ ಮೇಲೇ ಮುಂದಿನ ಮಾತು ಅಂತ ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಆದರೆ ನಾನು ಬಣ್ಣದವರ ಮನೆಯ ಮಗಳು. ಅಪ್ಪ ಮಗ್ಗದವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಹಂಡೆಯ ನೀರಿನ ಬಣ್ಣ ತಿರುಗಿದ್ದನ್ನು ನೋಡಿ ‘ಬಂತು’ ಅಂತ ಅವರು ಅಂದರೆ ಮುಗಿಯಿತು. ಆಮೇಲೆ ನೂಲನ್ನು ತೊಳೆಯುವಾಗ ನಾನು ಸ್ವಲ್ಪ ಹೆಚ್ಚು ಹೊತ್ತು ನೀರಲ್ಲಿ ಬಿಟ್ಟೆನೋ, “ಲೇ ಕೂಸೇ, ಎಲ್ಲಾನೂವೆ ನೀರಿಗೆ ಬುಟ್ಬುಟ್ಟಲ್ಲ! ಸತ್ವ ಓಗೋದೇ ತೊಳ್ಯೋವಾಗ ಕಣವ್ವ” ಅಂತ ಬೈಗುಳ. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದವಳಿಗೆ ಮೇಡಮ್ಮು ಮೂರು ಸಲ ತೊಳೆದು ನೀರು ಚೆಲ್ಲುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಪಾಪ, ಓದಿದವರಿಗೆ ಬಣ್ಣದ ಕೆಲಸ ಏನು ಗೊತ್ತು ಅಂತ ಮನಸ್ಸಲ್ಲೇ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ! ತೊಳೆಯುವ ಮುಂಚೆಯೇ ತಂದರೆ ಪೂರಾ ಸತ್ವ ಅಮ್ಮನ ಕಾಲಿಗೇ ಸಿಗುತ್ತದೆ ಅಂತ ನನ್ನ ಲೆಕ್ಕ.

ಒಂದು ಗುರುವಾರ ಬೆಳಿಗ್ಗೆ ಅಮ್ಮನ ಖಾಲಿ ಟಾನಿಕ್ ಬಾಟ್ಲನ್ನು ಹಿತ್ತಲ ನಲ್ಲಿಯಲ್ಲಿ ಚೆನ್ನಾಗಿ ತೊಳೆದು ಬ್ಯಾಗಿಗೆ ಹಾಕಿಕೊಂಡೆ. ಮಧ್ಯಾಹ್ನ ಮೇಡಮ್ಮು ಊಟಕ್ಕೆ ಹೋದಾಗ ಲ್ಯಾಬಿನಲ್ಲಿ ಕಂದು ನೀರು ಆಗತಾನೇ ‘ಬಂದಿತ್ತು’. ಬಾಟ್ಲು ತುಂಬಿಸುವ ಅವಸರದಲ್ಲಿ ಒಂದಿಷ್ಟು ಬೆರಳ ಮೇಲೂ ಚೆಲ್ಲಿತು. ಸಂಜೆ ಅಮ್ಮನಿಗೆ, “ಮೇಡಮ್ಮು ಕೊಟ್ಟವ್ರೆ ಕಣಮ್ಮ, ಬೆಳ್ಳಿ ಔಷ್ದಿ” ಅಂದೆ. ಅಮ್ಮ ಬಾಟ್ಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕಾಲು ಚಾಚಿದಳು. ಗಾಯದ ಮೇಲೆ, ಬೆರಳುಗಳ ಮೇಲೆ ಧಾರಾಳವಾಗಿ ಹಚ್ಚಿದೆ.

ಬೆಳಗಾಗುವಷ್ಟರಲ್ಲಿ ಉರಿ ಅಂತ ಅಮ್ಮ ಕಾಲಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಎಸೆದಿದ್ದಳು. ಜಗಲಿಯ ಬಿಸಿಲಲ್ಲಿ ಕೂತು ನೂಲು ಸುತ್ತುತ್ತಿದ್ದವಳ ಕಾಲಿನ ಮೇಲೆ ನನ್ನ ಕಣ್ಣು ಬಿತ್ತು. ಮೂರು ಬೆರಳು ಬುಡದವರೆಗೂ ಕಪ್ಪು... ಇದ್ದಿಲ ಕಪ್ಪು. ಅಯ್ಯೋ, ಆ ಕ್ಷಣವನ್ನು ಹೇಗೆ ಹೇಳಲಿ? ಅಪ್ಪನನ್ನು ಕೂಗಿದೆ. ಅಪ್ಪ ಬಂದು ನೋಡಿದವರೇ ಆಟೋ ಕರೆಯಲು ಓಡಿದರು. ಅಮ್ಮನ ಕಾಲನ್ನು ನಾನೇ ಸಾಯಿಸಿದೆ ಅಂತ ನನಗೆ ಅನ್ನಿಸಿಬಿಟ್ಟಿತು.

ಅವರು ಡಾಕ್ಟರ ಹತ್ತಿರ ಹೊರಟರು, ನಾನು ಕಾಲೇಜಿಗೆ ಓಡಿದೆ. ಮೇಡಮ್ಮಿನ ಎದುರು ಹೋಗಿ ನಿಂತೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನನ್ನ ಬೆರಳ ತುದಿಗಳೂ ಕಪ್ಪಗಾಗಿದ್ದವು. ಬಣ್ಣದವರ ಮನೆಯಲ್ಲಿ ಕೈಗೆ ಬಣ್ಣ ಹತ್ತಿದರೆ ಯಾರು ತಿರುಗಿ ನೋಡುತ್ತಾರೆ? ನಾನೇ ನೋಡಿಕೊಂಡಿರಲಿಲ್ಲ.

“ಯಾರಿಗೆ ಹಾಕಿದೆ ಮಾ?” ಅಂದರು.

“ಅಮ್ಮನ ಕಾಲಿಗೆ... ಬೆರಳು ಕಪ್ಪಗಾಗವೆ ಮೇಡಂ. ಕುಯ್ದಾಕ್ಬುಡ್ತರೆ.”

ಅವರು ತಕ್ಷಣ ಎದ್ದರು. ಕ್ಲರ್ಕಿನ ಸ್ಕೂಟಿ ಈಸಿಕೊಂಡು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಹೇಳಿದ್ದು ಒಂದೇ ಮಾತು. “ಬೆಳ್ಳಿ ಉಪ್ಪು ಬಿಸಿಲಿಗೆ ಕಪ್ಪಗಾಗುತ್ತೆ. ಅದು ಬರೀ ಕರೆ ಆಗಿರಬಹುದು. ಆದರೆ ಅಡಿಯಲ್ಲಿ ಏನಾಗಿದೆಯೋ ನನಗೂ ಗೊತ್ತಿಲ್ಲ ಮಾ.” ಅವರ ಬೆನ್ನು ನಡುಗುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ದೊಡ್ಡವರೂ ಹೆದರುತ್ತಾರೆ ಅಂತ ಗೊತ್ತಾದಾಗ ನನ್ನ ಹೆದರಿಕೆ ಇಮ್ಮಡಿಯಾಯಿತು.

ನಾವು ಹೋಗುವಷ್ಟರಲ್ಲಿ ಡಾಕ್ಟರು ಮೈಸೂರಿಗೆ ಚೀಟಿ ಬರೆಯುತ್ತಿದ್ದರು. ಮೂರೂ ಬೆರಳು ತೆಗೆಯಬೇಕು, ತಡವಾದರೆ ಪಾದವೇ ಹೋಗಬಹುದು ಅಂತ ಅಪ್ಪನಿಗೆ ಹೇಳಿಯಾಗಿತ್ತು. ಮೇಡಮ್ಮು ನೇರ ಒಳಗೆ ನುಗ್ಗಿ ನನ್ನ ಕೈಯನ್ನು ಎಳೆದು ಡಾಕ್ಟರ ಮುಂದೆ ಹಿಡಿದರು. “ಸರ್, ಈ ಕಪ್ಪು ನೋಡಿ. ಅದೇ ಕಪ್ಪು ಅದು. ದಯವಿಟ್ಟು ಒಂದು ಸಲ ಚುಚ್ಚಿ ನೋಡಿ.”

ಡಾಕ್ಟರು ಸೂಜಿ ತೆಗೆದುಕೊಂಡು ಹೆಬ್ಬೆರಳ ತುದಿಗೆ ಚುಚ್ಚಿದರು. ಅಮ್ಮನಿಗೆ ಗೊತ್ತೇ ಆಗಲಿಲ್ಲ, ಸುಮ್ಮನೆ ಸೂರು ನೋಡುತ್ತಿದ್ದಳು. ಸಕ್ಕರೆ ಕಾಯಿಲೆಯಲ್ಲಿ ಬೆರಳ ತುದಿ ಮರಗಟ್ಟಿರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಸತ್ತಿದೆ, ಸತ್ತೇ ಹೋಗಿದೆ ಅಂದುಕೊಂಡೆ... ಆಮೇಲೆ ಆ ಕಪ್ಪಿನ ಮೇಲೆ ಒಂದು ತೊಟ್ಟು ರಕ್ತ ನಿಧಾನವಾಗಿ ಮೂಡಿತು. ಒಳ್ಳೆ ಕೆಂಪು ರಕ್ತ. ಡಾಕ್ಟರು ಮಿಕ್ಕ ಎರಡನ್ನೂ ಚುಚ್ಚಿದರು, ಅಲ್ಲೂ ಬಂತು. ಚೀಟಿ ಹರಿದು ಹಾಕಿ, “ಯಾರು ಕೊಟ್ಟದ್ದು ಈ ದರಿದ್ರಾನ?” ಅಂತ ಗುಡುಗಿದರು.

ನಾನು ಬಾಯಿ ತೆರೆಯುವ ಮುಂಚೆ ಮೇಡಮ್ಮು, “ನಾನೇ ಸರ್” ಅಂದರು.

ಅವರು ಸುಳ್ಳು ಹೇಳಿದ್ದು ಒಂದು ಉಸಿರಿನ ಹೊತ್ತು. ಅಲ್ಲ ಅನ್ನಲು ನನಗೆ ಇಡೀ ದಿನವಿತ್ತು, ಆಮೇಲೆ ಇಡೀ ವರ್ಷವಿತ್ತು. ಅನ್ನಲಿಲ್ಲ. ಪುಕ್ಕಲಿ ನಾನು. ಕಾಲೇಜಿನಿಂದ ಹಾಕುತ್ತಾರೆ, ಅಪ್ಪ ಹೊಡೆಯುತ್ತಾರೆ, ಪೊಲೀಸರು ಬರುತ್ತಾರೆ ಅಂತ ಏನೇನೋ ಹೆದರಿಕೆ. ವಿಷಯ ಪ್ರಿನ್ಸಿಪಾಲರಿಗೆ ಮುಟ್ಟಿತು. ಲ್ಯಾಬಿಗೆ ಬೀಗ ಬಿತ್ತು, ಮೇಡಮ್ಮಿನ ತಟ್ಟೆ ಬಾಟ್ಲುಗಳೆಲ್ಲ ಮೂಲೆ ಸೇರಿದವು. ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಡಾಕ್ಟರೇಟು ಅಲ್ಲಿಗೇ ನಿಂತಿತು ಅಂತ ಕೇಳಿದೆ. ಹೊರಡುವ ದಿನ ಗೇಟಿನ ಹತ್ತಿರ ಸಿಕ್ಕಿ, “ಅಮ್ಮ ನಡೀತಾರಾ ಮಾ?” ಅಂದರು. ಹೂಂ ಅಂದೆ. “ಸಾಕು ಬಿಡು” ಅಂತ ಬಸ್ಸು ಹತ್ತಿದರು. ನಾನು ಬಿಎಸ್ಸಿ ಅರ್ಧಕ್ಕೇ ಬಿಟ್ಟು ನರ್ಸಿಂಗ್ ಸೇರಿದೆ.

ಸುಟ್ಟ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು, ಆದರೆ ಅಮ್ಮನ ಐದೂ ಬೆರಳು ಉಳಿದವು. ಉಳಿಸಿದವರನ್ನು ಅಮ್ಮ ಬೈಯದ ದಿನವಿಲ್ಲ. “ಆ ಮಾರ್ಟಳ್ಳಿಯೋಳು ನನ್ ಕಾಲ ಸುಟ್ಟಾಕ್ಬುಟ್ಳು” ಅಂತ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಪ್ರತಿ ಸಲ ಎದ್ದು ಒಳಗೆ ಹೋಗುತ್ತೇನೆ.

ಹೋದ ತಿಂಗಳು ಮಾರ್ಟಳ್ಳಿ ಕಡೆಯ ಹೆಂಗಸೊಬ್ಬಳು ನಮ್ಮ ವಾರ್ಡಿಗೆ ಬಂದಿದ್ದಳು. ಧೈರ್ಯ ಮಾಡಿ ವಿಚಾರಿಸಿದೆ. ಮೇಡಮ್ಮು ತೀರಿಕೊಂಡು ಎರಡು ವರ್ಷವಾಯಿತಂತೆ...

ಮೊನ್ನೆ ಸೊಪ್ಪು ಕುದಿಯುವಾಗ ಅಮ್ಮ ಮೂಗು ಮುಚ್ಚಿಕೊಂಡು, “ಥೂ, ಅವ್ಳ ಸೊಪ್ಪಲ್ವಾ ಇದು? ಅತ್ಲಾಗ್ ಎಸಿ” ಅಂದಳು. ಇನ್ನು ಆಗಲಿಲ್ಲ ನನಗೆ.

“ಅವ್ರು ಕೊಡ್ನಿಲ್ಲ ಕಣಮ್ಮ. ನಾನೇ ಕದ್ದು ತಂದಿದ್ದೆ” ಅಂದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ. “ಗೊತ್ತು ಕಣವ್ವ. ಅವ್ರು ಕೊಟ್ಟಿದ್ರೆ ಅವ್ರ ಬಾಟ್ಲಲ್ಲಿ ಕೊಡ್ತಿದ್ರು. ನನ್ ಟಾನಿಕ್ ಬಾಟ್ಲ ನೀನು ಬೆಳಿಗ್ಗೇನೇ ತೊಳ್ದು ಬ್ಯಾಗಿಗಾಕಂಡಿದ್ದ ನಾನು ನೋಡ್ನಿಲ್ವಾ?”

“ಮತ್ತೆ ಇಷ್ಟು ವರ್ಷ ಅವರನ್ನ ಯಾಕಮ್ಮ ಬೈದೆ?”

“ಯಾರಾರ್ನೂ ಬೈಯ್ಲೇಬೇಕಿತ್ತಲ್ಲ. ಇಲ್ದಿದ್ರೆ ನಿನ್ ಎಸ್ರು ಆಚೆಗೆ ಬಂದದಲ್ಲಾಂತ ಭಯ ಆಯ್ತಿತ್ತು.” ತನ್ನ ಕಾಲನ್ನೇ ನೋಡುತ್ತಾ, “ಒಂದ್ಸಲ ಕರ್ಕಂಡೋಗು ಮಗ ಅವ್ರತ್ರಕ್ಕೆ. ಕೈ ಮುಗ್ದು ತಪ್ಪಾಯ್ತು ಅಂದ್ಬುಟ್ಟು ಬತ್ತೀನಿ” ಅಂದಳು.

ಅವರು ತೀರಿಕೊಂಡದ್ದನ್ನು ಹೇಳಿದೆ. ಅಮ್ಮ ಆ ಕಾಲನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು. ಪಾತ್ರೆ ಇಳಿಸಿ ಅವಳ ಮುಂದಿಟ್ಟು ಮೇಲೊಂದು ಕಂಬಳಿ ಹೊದಿಸಿದೆ. ಒಳಗಿನಿಂದ ಅಮ್ಮ ಅಳುವುದು ಬಹಳ ಹೊತ್ತು ಕೇಳಿಸುತ್ತಿತ್ತು.