ತೂಬಿನ ಬಳಿ ನೆಟ್ಟ ಸಲಿಕೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ಮೊನ್ನೆ ಕಾಲುವೆಗೆ ನೀರು ಬಿಟ್ಟಾಗ, ಒಣಗಿದ ಪಾಚಿ ನೆನೆದ ಆ ವಾಸನೆ ಮನೆ ಬಾಗಿಲಿನವರೆಗೂ ಬಂತು. ಇನ್ನು ಮುಂದೂಡಲಾಗಲಿಲ್ಲ...

ಶಹಾಪುರದ ಕಡೆಗೆ ಕಾಲುವೆ ಬಂದ ಮೊದಲ ವರ್ಷಗಳು ಅವು. ನಾನು ನಮ್ಮೂರಿನ ನೀರುಗಂಟಿ. ಯಾರ ಪಾಳಿ ಯಾವಾಗ ಎಂದು ನೋಡಿ ಹೊಲಗಳಿಗೆ ನೀರು ತಿರುಗಿಸುವುದು ನನ್ನ ಕೆಲಸ. ಹತ್ತನೇ ಪಾಸಾಗಿದ್ದೆ. ಓಣಿಯವರು ಕಾಗದ, ನೋಟೀಸು ಓದಿಸಲು ನನ್ನ ಹತ್ತಿರವೇ ಬರುತ್ತಿದ್ದರು, ಚಹಾ ಕುಡಿಸುತ್ತಿದ್ದರು.

ಪಕ್ಕದ ಮನೆಯ ಅಕ್ಕ ಮದುವೆಗೆಂದು ಓದು ಬಿಟ್ಟವಳು. ಗಂಡ ತೀರಿಕೊಂಡ ಮೇಲೆ, ನಲವತ್ತರ ಹತ್ತಿರ, ಮತ್ತೆ ಕಾಲೇಜು ಸೇರಿದಳು.

"ಹುಡುಗ್ರು ನಿನಗ ಅಜ್ಜಿ ಅಂತಾರೇನಕ್ಕ?" ಎಂದು ಕೆಣಕಿದ್ದೆ.

"ಇಲ್ಲೋ ತಮ್ಮ, ಮೊದಲ್ನೇ ದಿನ ಮೇಡಂ ಬಂದಾರಂತ ಎಲ್ಲಾರೂ ಎದ್ದು ನಿಂತಿದ್ರು!" ಎಂದು ನಕ್ಕಿದ್ದಳು.

ಕ್ರಮೇಣ ಕಾಗದಗಳು ಅವಳ ಕಟ್ಟೆಗೆ ಹೋದವು. "ಹತ್ತನೇ ಪಾಸ್ ಸಾಹೇಬಾ, ನಿನ್ನ ಚಹಾ ಬಂದ್ ಆತಲ್ಲೋ!" ಎಂದು ಜನ ನಗತೊಡಗಿದರು. ನಾನೂ ನಕ್ಕೆ. ಒಳಗೆ ಮಾತ್ರ ಸುಡುತ್ತಿತ್ತು.

ಅವಳ ಮೈದುನ ಒಂದು ಷರತ್ತು ಹಾಕಿದ್ದ. "ನೀರಿನ ಪಾಳಿ ಒಂದು ತಪ್ಪಿದ್ರ ಕಾಲೇಜ್ ಬಂದ್, ವೈನಿ." ಇದು ಓಣಿಗೆಲ್ಲ ಗೊತ್ತಿತ್ತು. ಪಾಳಿಯ ದಿನ ಬರಲಾಗದವರು ತೂಬಿನ ಬಳಿ ತಮ್ಮ ಸಲಿಕೆ ನೆಟ್ಟು ಹೋಗುವುದು ನಮ್ಮಲ್ಲಿ ರೂಢಿ. ಸಲಿಕೆ ನಿಂತಿದ್ದರೆ ಪಾಳಿ ಅವರದೇ. ನೀರುಗಂಟಿಯೇ ನೀರು ತಿರುಗಿಸಬೇಕು.

ಎರಡನೆಯ ವರ್ಷದ ಕೊನೆಯ ಪರೀಕ್ಷೆಯ ದಿನ ಅವಳು ಸಲಿಕೆ ನೆಟ್ಟು ಹೋದಳು. ನಾನು ಅದನ್ನು ಕಿತ್ತು ಹುಲ್ಲಿನಲ್ಲಿ ಮಲಗಿಸಿದೆ. ಮುಂದಿನ ಪಾಳಿಯವನು ಬಂದು, "ಅಕ್ಕನ ಸಲಿಕಿ ಇಲ್ಲಲ್ಲ, ನಾ ತಿರುವ್ಲೇನು?" ಎಂದ. "ತಿರುವು" ಎಂದೆ.

ಸಂಜೆ ನೋಡಿದರೆ ತೆನೆ ಕಟ್ಟುವ ಭತ್ತದ ಗದ್ದೆಗೆ ಹನಿ ನೀರು ಬಂದಿರಲಿಲ್ಲ. ಮೈದುನ ಕೂಗಾಡುತ್ತಿದ್ದ.

"ನಾ ನೆಟ್ಟೇ ಹೋಗೀನಿ. ತಮ್ಮ ನೋಡ್ಯಾನ, ಕೇಳ್ರಿ," ಎಂದಳು ಅಕ್ಕ.

ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ಬಂದಾಗ ಇರಲಿಲ್ರಿ."

ಅವಳು ಹುಡುಕಿ ಸಲಿಕೆ ತಂದಳು. ಅಲಗಿನ ಅರ್ಧದವರೆಗೆ ಕೆಸರು ಮೆತ್ತಿತ್ತು, ನೆಲದಲ್ಲಿ ನಿಂತಿದ್ದ ಗುರುತು. ಅದನ್ನು ಎತ್ತಿ ತೋರಿಸಿದಳು. ಯಾರೂ ನೋಡಲಿಲ್ಲ. ನಾನು ನೋಡಿದೆ... ಈಗಲೂ ಕಣ್ಣು ಮುಚ್ಚಿದರೆ ಆ ಕೆಸರಿನ ಗೆರೆ ಕಾಣುತ್ತದೆ.

ಅವಳ ಕಾಲೇಜು ನಿಂತಿತು, ಕಟ್ಟೆಗೆ ಬಂದು ಕೂರುವುದೂ ನಿಂತಿತು. ಕಾಗದಗಳು ಮತ್ತೆ ನನ್ನ ಬಳಿ ಬಂದವು. ಒಂದು ದಿನ ಅವಳೇ ಕಾಲೇಜಿನ ಪತ್ರ ಹಿಡಿದು ಬಂದು ನನ್ನ ಮುಂದಿಟ್ಟಳು. "ಓದು ತಮ್ಮ."

ಓದಿದೆ. ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು. ಮೂರನೆಯ ವರ್ಷಕ್ಕೆ ಬಂದು ಹೆಸರು ಹಚ್ಚಬೇಕೆಂದು ಬರೆದಿದ್ದರು. ಅವಳು ಕೊನೆಯವರೆಗೂ ಕೇಳಿ, ಪತ್ರ ಮಡಚಿಕೊಂಡು, "ಛಲೋ ಓದ್ತಿ," ಎಂದು ಎದ್ದು ಹೋದಳು. ಆಮೇಲೆಯೂ ಕಂಡಾಗಲೆಲ್ಲ ತಮ್ಮ ಎಂದೇ ಕರೆದಳು.

ಹೋದ ತಿಂಗಳು ಅವಳು ತೀರಿಕೊಂಡಳು. ಮನೆಯವರನ್ನು ಮಾತಾಡಿಸಲು ಹೋದಾಗ ಮುದುಕನಾದ ಮೈದುನ, "ಶಾಣ್ಯಾಕಿ ಇದ್ಲು. ಆದ್ರ ಹೊಲದ ಮ್ಯಾಲ ಲಕ್ಷ ಇರಲಿಲ್ಲ, ನಿನಗ ಗೊತ್ತದಲ್ಲ," ಎಂದ. ಆಗಲಾದರೂ ಹೇಳಬಹುದಿತ್ತು. ತಲೆಯಾಡಿಸಿ, ಕೊಟ್ಟ ಚಹಾ ಕುಡಿದು ಬಂದೆ.

ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟ ಆ ಅಕ್ಕನ ಹೆಸರು ಶರಣಮ್ಮ.