ಕಾಕಾನ ದ್ರಾಕ್ಷಿ ತೋಟದಲ್ಲಿ ಮೆಟಲ್ ಹಾಡು

ಗಿಟಾರ್ ಅಬ್ಬರಿಸುವ, ಗಾಯಕ ಗಂಟಲು ಹರಿಯುವಂತೆ ಕಿರುಚುವ ಮೆಟಲ್ ಹಾಡು ಕೇಳುವ ಗೆಳೆಯರೇ, ಇಂದು ಕಾಲರ್ ಏರಿಸಿಕೊಳ್ಳಿ!

ಬೆಳಿಗ್ಗೆ ಶೇಡಬಾಳದ ನಮ್ಮ ದ್ರಾಕ್ಷಿ ತೋಟದಲ್ಲಿ ಕಾಕಾ ಖಾಲಿ ಡಬ್ಬಿ ಬಡಿಯುತ್ತ ಗಿಳಿ ಓಡಿಸುತ್ತಿದ್ದರು. ನನ್ನನ್ನು ಕಂಡವರೇ, "ಆ ನಿನ್ನ ಹೊಯ್ಕೊಳ್ಳೋ ಮಂದೀನ ಹಚ್ಚಲೇ, ಒಂದ್ ಕೆಲಸಕ್ಕಾರ ಬರ್ಲಿ" ಎಂದರು. ಹದಿನೈದು ವರ್ಷದಿಂದ ಈ ಹಾಡುಗಳ ಅಭಿಮಾನಿ ನಾನು. ಅವಮಾನ ನುಂಗಿಕೊಂಡು ಸ್ಪೀಕರಿನಲ್ಲಿ ನನ್ನ ಅತಿ ಪ್ರೀತಿಯ ಹಾಡು ಹಾಕಿದೆ.

ಗಾಯಕ ಒಮ್ಮೆ ಗರ್ಜಿಸಿದ್ದೇ ತಡ, ಗಿಳಿಗಳ ಹಿಂಡು ಪಕ್ಕದವರ ತೋಟಕ್ಕೆ ಹಾರಿತು. ಕಾಕಾ ಡಬ್ಬಿ ಕೆಳಗಿಟ್ಟು, "ಭಾರಿ ಕೆಲಸದಂವ ಅದಾನಲೇ ಇಂವ!" ಎನ್ನುತ್ತ ಚಹಾ ಕುಡಿಯಲು ಕುಳಿತರು.

ಅಷ್ಟರಲ್ಲಿ ಹಾಡಿನ ನಡುವೆ ಗಿಟಾರ್ ಒಂದೇ ಮೆಲ್ಲಗೆ ನುಡಿಯುವ ಭಾಗ ಬಂತು. ಪ್ರತಿ ಸಲವೂ ನನ್ನ ಕಣ್ಣು ತುಂಬಿಸುವ ಭಾಗ ಅದು. ಗದ್ದಲ ನಿಂತಿತೆಂದು ಗಿಳಿಗಳೆಲ್ಲ ವಾಪಸು ಬಂದು ಗೊಂಚಲುಗಳಿಗೆ ಬಾಯಿ ಹಾಕಿದವು. ನಾನು ಗಾಬರಿಯಿಂದ ಮೊಬೈಲ್ ಎತ್ತಿಕೊಂಡು, "ಕಾಕಾ, ಹಾಡು ಮುಂದ ಓಡಸ್ಲೇನ್ರಿ?" ಎಂದೆ.

ಕಾಕಾ ಕಣ್ಣು ಮುಚ್ಚಿಕೊಂಡೇ ಕೈ ಅಡ್ಡ ಹಿಡಿದರು. "ತಡೀಲೇ, ತಿಂದರ ತಿನ್ಲಿ. ಚಲೋ ಬಾರಸಾಕತ್ತಾನ."

ಆ ಗಿಟಾರ್ ವಾದಕನಿಗೆ ನಮ್ಮೂರಿನಿಂದ ಸಂದ ಸಂಭಾವನೆ ನಾಲ್ಕು ಗೊಂಚಲು ದ್ರಾಕ್ಷಿ. ತಿಂದದ್ದು ಮಾತ್ರ ಗಿಳಿಗಳು.