ಒಂಬತ್ತು ಕಿಲೋಮೀಟರ್, ಈಶಾನ್ಯ

ಫೋನಿನ ಪರದೆಯಲ್ಲಿ 9.1 ಎಂದಿತ್ತು. ಪಕ್ಕದಲ್ಲಿ ಈಶಾನ್ಯಕ್ಕೆ ತಿರುಗಿದ ಸಣ್ಣ ಬಾಣ.

ಅದು ಅವ್ವ. ಏರ್ಕಾಡಿನ ಕಾಫಿ ತೋಟದಲ್ಲಿರುವ ಚಿಕ್ಕಮ್ಮನನ್ನು ನೋಡಲು ಹೋದವಳು ಸಂಜೆಯ ಬಸ್ಸಿನಲ್ಲಿ ಬೆಟ್ಟ ಇಳಿಯುತ್ತಿದ್ದಳು. ಮೇಲೆ ಜೋರು ಮಳೆ. ಘಾಟಿಯಲ್ಲಿ ಬಂಡೆ ಉರುಳಿದೆ ಎಂಬ ಸುದ್ದಿ ಸೇಲಂನ ನಮ್ಮ ಬೀದಿಗೆ ಬಂದಾಗಿನಿಂದ ಅವಳ ಫೋನಿಗೆ ಕರೆ ಹೋಗುತ್ತಿರಲಿಲ್ಲ.

ನನ್ನ ಕೆಲಸವೂ ಇಂಥ ಅಂಕಿ, ಬಾಣಗಳದ್ದೇ. ಕಂಪ್ಯೂಟರಿನೊಳಗೆ ಹಾರುವ ಅಣಕು ವಿಮಾನಗಳಲ್ಲಿ ಒಂದರಿಂದ ಇನ್ನೊಂದು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂದು ತಿಳಿಸುವ ವರದಿಯ ಭಾಗವನ್ನು ಬರೆಯುತ್ತೇನೆ. ಅದೇ ಲೆಕ್ಕವನ್ನು ಅವ್ವನ ಫೋನಿಗೂ ನನ್ನ ಫೋನಿಗೂ ಹೊಂದಿಸಿಕೊಂಡಿದ್ದೆ. ಅವ್ವನನ್ನೂ ಅಪ್ಪನನ್ನೂ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದ. "ಎಲ್ಲವ್ಳೆ?"

"ಈಶಾನ್ಯಕ್ಕೆ."

"ಅದು ದೇವ್ರ ಮೂಲೆ ಕಣಮ್ಮ. ನಿಮ್ಮವ್ವನ ಬಾಯಿಗೆ ಎದ್ರಿ ದೇವ್ರೇ ಎದ್ದು ಓಗ್ತಾನೆ." ಹೀಗೆ ಹೇಳುತ್ತಲೇ ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡ.

ಬಸ್ ನಿಲ್ದಾಣದ ಕಡೆಗೆ ನಡೆದೆವು. 8.9. 8.6. ನಾನು ಗಟ್ಟಿಯಾಗಿ ಓದುತ್ತಿದ್ದೆ.

"ಅತ್ರ ಬತ್ತಾ ಐತಲ್ಲ, ಬಿಡು," ಎಂದ ಅಪ್ಪ. ನನಗೂ ಸ್ವಲ್ಪ ಉಸಿರು ಬಂತು. 8.3 ಆದಾಗ ಅವನು ನಿಲ್ದಾಣದೆದುರಿನ ಟೀ ಅಂಗಡಿಯ ಮುಂದೆ ನಿಂತ. ನಾನೂ ನಿಂತೆ. ಅಂಕಿಯೂ ನಿಂತಿತು.

ಟೀ ಬಂತು, ಕುಡಿದೂ ಆಯಿತು. 8.3. ಲೋಟ ಇಟ್ಟು, ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ನಡೆದು ನೋಡಿದೆ. 8.4.

ಇಷ್ಟು ಹೊತ್ತು ಚಲಿಸುತ್ತಿದ್ದದ್ದು ನಾನು ಮಾತ್ರ. ಅವ್ವನ ಫೋನು ತಾನಿರುವ ಜಾಗ ತಿಳಿಸುವುದನ್ನು ಎಂದೋ ನಿಲ್ಲಿಸಿತ್ತು. ನಾನು ಓದುತ್ತಿದ್ದದ್ದು ಅದು ಕೊನೆಗೆ ತಿಳಿಸಿದ್ದ ಘಾಟಿಯ ತಿರುವಿಗೆ ಇರುವ ದೂರ. ಆಫೀಸಿನ ನನ್ನ ವರದಿಯೂ ಹಾಗೇ. ಒಂದು ವಿಮಾನದ ಸುಳಿವು ಕಡಿದುಹೋದರೂ ಇನ್ನೊಂದು ಹಾರುತ್ತಿರುವವರೆಗೆ ಅಂಕಿ ಬದಲಾಗುತ್ತಲೇ ಇರುತ್ತದೆ.

"ಏನಾಯ್ತು? ದೂರ ಓಗ್ತಾವ್ಳಾ?"

"ಗೊತ್ತಿಲ್ಲಪ್ಪ. ಇದು ಅಳೇ ಜಾಗ. ಈಗ ಎಲ್ಲವ್ಳೋ ಗೊತ್ತಿಲ್ಲ."

ಅಪ್ಪ ಬೈಯಲಿಲ್ಲ. ರಸ್ತೆಯ ಕಡೆಗೆ ತಿರುಗಿ ನಿಂತ. ಏರ್ಕಾಡಿನ ಬೋರ್ಡಿನ ಬಸ್ಸೊಂದು ಬಂತು, ಅದರಲ್ಲಿ ಅವಳಿರಲಿಲ್ಲ. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು. ಚಕ್ರದ ತುಂಬ ಕೆಂಪು ಕೆಸರು. ಮೆಣಸಿನ ಚೀಲವನ್ನು ಎದೆಗೆ ಒತ್ತಿಕೊಂಡು ಅವ್ವ ಇಳಿದಳು.

"ಇಬ್ರೂ ಇಲ್ಲೇ ನಿಂತ್ರೆ ಒಲೆ ಮ್ಯಾಲೆ ಅನ್ನ ಇಟ್ಟೋರ್ಯಾರು?" ಫೋನು ಮಳೆಗೆ ಸಿಕ್ಕಿ ಸತ್ತಿತ್ತಂತೆ. ಬಂಡೆ ಸರಿಸುವವರೆಗೂ ಬಸ್ಸು ಘಾಟಿಯಲ್ಲೇ ನಿಂತಿತ್ತಂತೆ.

"ನಿನ್ ಮಗ್ಳು ನಿನ್ನ ಫೋನಲ್ಲೇ ನಡ್ಸ್ಕಂಡು ಬತ್ತಿದ್ಲು," ಎಂದ ಅಪ್ಪ.

ಮರುದಿನ ಬೆಳಿಗ್ಗೆ ಕಾಫಿಗೂ ಮೊದಲು ವರದಿಯ ಭಾಗವನ್ನು ತೆರೆದೆ. ಜಾಗದ ಮಾಹಿತಿ ಹಳತಾದರೆ ದಿಕ್ಕನ್ನೂ ದೂರವನ್ನೂ ತೋರಿಸಬಾರದು ಎಂದು ತಿದ್ದಿದೆ. ಆಮೇಲೆ ಎರಡು ವಿಮಾನಗಳನ್ನು ಹಾರಿಸಿ, ಒಂದರ ಸುಳಿವನ್ನು ನಾನೇ ಕಡಿದೆ. ಇನ್ನೊಂದು ಹಾರುತ್ತಲೇ ಇತ್ತು. ಅಂಕಿಯ ಜಾಗದಲ್ಲಿ ಬರೀ ಒಂದು ಗೆರೆ ಬಂತು.